ಸಮುದ್ರಕ್ಕೆ ಬಂದ ಕಂಬಳಿ

ಅಣ್ಣಾಸಾಬ ಮಾಮಾ ಅವರನ್ನು ನಾನು ಮೊದಲು ಕಂಡದ್ದು ಕಬ್ಬೂರಿನ ಹೊರಗೆ, ಕಬ್ಬು ಕಡಿದು ಖಾಲಿಯಾಗಿದ್ದ ಹೊಲದಲ್ಲಿ. ಅವರ ಮಗಳು ಗಂಗಾಳನ್ನು ನೋಡಲು ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಡಿಗ್ರಿ ಸರ್ಟಿಫಿಕೇಟಿನ ಜೆರಾಕ್ಸ್. ಹೊತ್ತು ಮುಳುಗುತ್ತಿತ್ತು. ಬಲೆ ಕಟ್ಟಿದ ಕುರಿದಡ್ಡಿಯ ಬಾಗಿಲಲ್ಲಿ ಗೂಟಕ್ಕೆ ತಮ್ಮ ಕರಿ ಕಂಬಳಿ ಹಾಕಿ ಅವರು ನಿಂತಿದ್ದರು. ಕುರಿಗಳು ಒಂದೊಂದಾಗಿ ಕಂಬಳಿಗೆ ಮೂಗು ತಾಗಿಸಿ ಒಳಗೆ ಹೋಗುತ್ತಿದ್ದವು. ಕೊನೆಯ ಕುರಿ ಹೋಗುವವರೆಗೆ ಅವರು ನನ್ನತ್ತ ನೋಡಲಿಲ್ಲ.

“ಕಂಬಳಿ ಯಾಕ್ರಿ ಅಲ್ಲಿ?” ಎಂದೆ, ಬೇರೆ ಮಾತು ಹೊಳೆಯದೆ.

“ನನ್ನ ವಾಸನಿ ಇರಬೇಕ್ರಿ. ಇಲ್ಲಂದ್ರ ಮಂದಿ ಮನಿ ಅಂತ ತಿಳಕೊಂಡು ಹೊರಗ ನಿಲ್ಲತಾವು.”

ಮದುವೆಯಾಗಿ ಏಳು ವರ್ಷದ ಮೇಲೆ, ಹೋದ ಮೇ ತಿಂಗಳಲ್ಲಿ, ಅಪ್ಪ ಅವ್ವ ಒಮ್ಮೆಯಾದರೂ ಸಮುದ್ರ ನೋಡಬೇಕೆಂದು ಗಂಗಾ ಹಟ ಹಿಡಿದಳು. ಮಾಮಾ ನಲವತ್ತು ವರ್ಷದಲ್ಲಿ ಕುರಿ ಬಿಟ್ಟು ಮಲಗಿದವರಲ್ಲ. ಎರಡು ವರ್ಷದ ಹಿಂದೆ, ದಡ್ಡಿ ಸೇರದೆ ಹಿಂದುಳಿದ ಒಂಬತ್ತು ಕುರಿಗಳನ್ನು ತೋಳಗಳು ಕೊಂದಿದ್ದವು. ತಮ್ಮ ನಾಮದೇವ ಅವರು, “ಎರಡ ದಿನ ನಾ ನೋಡ್ಕೋತೇನಿ, ಹೋಗಿ ಬಾ ಅಣ್ಣಾ” ಎಂದ ಮೇಲೆಯೇ ಹೊರಟರು. ಬಯಲಿನಲ್ಲಿ ಮಲಗುವುದಿದೆ ಎಂದಾಕ್ಷಣ ಕಂಬಳಿ ಹೆಗಲಿಗೇರಿತು. ಅದರ ಜಾಗ ದಡ್ಡಿಯ ಬಾಗಿಲು ಎಂಬುದು ಆಗ ಅವರಿಗೂ ಹೊಳೆಯಲಿಲ್ಲ, ನನಗೂ ಇಲ್ಲ.

ನಿಪ್ಪಾಣಿ ದಾಟಿ, ಘಾಟ ಇಳಿದು ಮಾಲ್ವಣ ಕಡೆಯ ದಂಡೆ ಮುಟ್ಟಿದೆವು. ಗಾಳಿಮರಗಳ ಕೆಳಗೆ ಬಾಡಿಗೆ ಟೆಂಟು. ಅತ್ತೆ ಸಕ್ಕುಬಾಯಿ ಅದನ್ನು ಸುತ್ತಿ ನೋಡಿ, “ಹುಟ್ಟಿದಾಗಿಂದ ಅಡವ್ಯಾಗ ಮಲಗೇನಿ. ಇದಕ್ಕ ಬಾಡಿಗಿ ಬ್ಯಾರೆ ಕೊಡಬೇಕೇನ?” ಎಂದು ನಕ್ಕರು. ಮಾಮಾ ಎರಡು ಗೂಟ ಕಿತ್ತು, ಮತ್ತೆ ಗಟ್ಟಿಯಾಗಿ ಹೊಡೆದು, ಕಂಬಳಿ ಹಾಸಿ ಕುಳಿತರು.

ಸಂಜೆ ನಾಮದೇವ ಅವರ ಫೋನ್ ಬಂತು.

“ಅಣ್ಣಾ, ಒಂದೂ ಒಳಗ ಹೋಗವಲ್ವು! ಹೊಡದರ ಕಬ್ಬಿನ್ಯಾಗ ಓಡತಾವು. ಕಂಬಳಿ ಎಲ್ಲಿಟ್ಟಿ?”

ಮಾಮಾ ತಾವು ಕುಳಿತಿದ್ದ ಕಂಬಳಿಯನ್ನು ನೋಡಿದರು. ಕಬ್ಬೂರಿಗೆ ಐದು ತಾಸಿನ ದಾರಿ. ಅರ್ಧ ತಾಸಿಗೆ ಕತ್ತಲು.

“ಕಾರ್ ತಿರಗಸ್ರಿ, ಅಳಿಯಾರ.”

“ಐದ ತಾಸ ತೋಳ ಕಾಯತೈತಿ?” ಅತ್ತೆ ಗದರಿದರು. “ಫೋನಿನ್ಯಾಗ ಕೂಗ್ರಿ. ನಿಮ್ಮ ದನಿ ನನಗಿಂತ ಅವಕ್ಕ ಚಲೋ ಗೊತ್ತೈತಿ.”

ಅಲೆಗಳ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಮಾಮಾ ಫೋನ್ ಹಿಡಿದು ಟೆಂಟಿನೊಳಗೆ ಹೋದರು. ಗಂಗಾ ಜಿಪ್ ಎಳೆದಳು. ಅವರು ತಲೆಯ ಮೇಲೆ ಕಂಬಳಿ ಹೊದ್ದು ಕೂಗತೊಡಗಿದರು: “ಹುರ್ರ್ರ್ ಹೋ! ಬಾ, ಬಾ... ಕೆಂಚೀ, ಬಾರ ಬೇ!”

ಪಕ್ಕದ ಟೆಂಟಿನ ಪುಣೆಯ ಕುಟುಂಬ ಚಹಾದ ಕಪ್ಪು ಹಿಡಿದು ಎದ್ದು ಬಂತು. ಅಪ್ಪ ಕುರಿಗಳ ಜೊತೆ ಮಾತಾಡುತ್ತಿದ್ದಾರೆ ಎಂದು ಗಂಗಾ ಮರಾಠಿಯಲ್ಲಿ ಹೇಳಿದಳು. ಅವರು ಇನ್ನಷ್ಟು ಹತ್ತಿರ ಬಂದರು.

ಅತ್ತ ನಾಮದೇವ ಅವರು ದಡ್ಡಿಯೊಳಗೆ ನಿಂತು ಫೋನನ್ನು ಸ್ಪೀಕರಿಗೆ ಹಾಕಿದ್ದರು. ಕೆಂಚಿ ಎಂಬ ಹಳೆಯ ಕುರಿ ಕಿವಿ ನಿಮಿರಿಸಿ ಮೊದಲು ನಡೆಯಿತಂತೆ.

“ಹೋದ್ವು ಅಣ್ಣಾ! ಅರವತ್ತೆರಡೂ ಹೋದ್ವು!”

ಮಾಮಾ ಬೆವರಿಳಿಸುತ್ತ ಹೊರಬಂದರು. ಅತ್ತೆ ನೀರು ಕೊಡುತ್ತ, “ಲಗ್ನಾದಾಗಿಂದ ನನ್ನ ಒಮ್ಮೆರೆ ಹಿಂಗ ಪ್ರೀತಿಲೆ ಕರದಿಲ್ಲ” ಎಂದರು. ಮಾಮಾ ನಕ್ಕು, ಧೋತರ ಎತ್ತಿ ಹಿಡಿದು ಮೊಳಕಾಲಿನ ತನಕ ನೀರಿಗಿಳಿದರು. ಬಂದಾಗಿನಿಂದ ಅವರು ಸಮುದ್ರವನ್ನು ಸರಿಯಾಗಿ ನೋಡಿರಲೇ ಇಲ್ಲ.

ಮಾಮಾ ಈಗ ಕಬ್ಬೂರಿನಲ್ಲಿ ಅರವತ್ತೆಂಟು ಕುರಿ ಮೇಯಿಸುತ್ತಾರೆ. ಎರಡು ಕಂಬಳಿ ಇಟ್ಟುಕೊಂಡಿದ್ದಾರೆ.