ಪುಷ್ಯದ ಬೆಂಕಿ

ನಮ್ಮ ಚಿಕ್ಕಪ್ಪ ಜೋಗಪ್ಪ ಕುರುಗೋಡು ಗುಡ್ಡದ ಫಾರೆಸ್ಟ್ ವಾಚರ್. ೧೯೬೩ರಲ್ಲಿ ಆ ಕೆಲಸಕ್ಕೆ ಸೇರಿದವನು ಅಂದಿನಿಂದ ಮನುಷ್ಯರನ್ನು ನಂಬುವುದನ್ನೇ ಬಿಟ್ಟ. ಬೆಂಕಿಪೊಟ್ಟಣಕ್ಕಾಗಿ ಕುರಿ ಕಾಯುವವರ ಚೀಲ ತಡವುತ್ತಿದ್ದ, ಹೊಗೆಯ ವಾಸನೆ ಇದೆಯೇನೋ ಎಂದು ಗುಡ್ಡ ಇಳಿದು ಬಂದವರ ಕೈ ಮೂಸುತ್ತಿದ್ದ. ಮದುವೆ ಊಟದ ಪಂಕ್ತಿಯಲ್ಲೂ ಯಾರ ಕಿಸೆಯಲ್ಲಿ ಬೀಡಿ ಇದೆಯೆಂದೇ ಅವನ ಕಣ್ಣು. ನಾವು ನಗುತ್ತಿದ್ದೆವು, ಆ ಅನುಮಾನ ನಮ್ಮ ಹೊಸ್ತಿಲಿಗೇ ಬರುವವರೆಗೆ.

ನನ್ನವ್ವ ಹಂಪಕ್ಕ ಆ ಗುಡ್ಡದ ಹುಲ್ಲು ಕೊಯ್ದು, ಕಸಬರಿಗೆ ಕಟ್ಟಿ, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮನೆ ಮನೆಗೆ ಮಾರುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅದೇ ನಮ್ಮ ಅನ್ನ. ಹುಲ್ಲು ಕೊಯ್ಯಲು ಫಾರೆಸ್ಟ್ ಇಲಾಖೆಯ ಪಾಸು ಬೇಕಿತ್ತು. ಅದು ಹೋದರೆ ನಮ್ಮ ಒಲೆ ಉರಿಯುವುದಿಲ್ಲ.

ಹಿಂದೆಲ್ಲ ಕೊಯ್ಲು ಮುಗಿದ ಮೇಲೆ, ಪುಷ್ಯ ಮಾಸದ ಬೆಳಗ್ಗೆ, ಇಬ್ಬನಿ ಆರುವ ಮೊದಲು, ಉಳಿದ ಹುಲ್ಲಿಗೆ ಅಷ್ಟಷ್ಟೇ ಬೆಂಕಿ ಕೊಡುತ್ತಿದ್ದರು. ಮೊಣಕಾಲಿನ ಮಟ್ಟಕ್ಕೂ ಏಳದೆ ಅದು ತಾನಾಗಿ ಆರುತ್ತಿತ್ತು. ಜೋಗಪ್ಪನ ಅಪ್ಪ, ನಮ್ಮಜ್ಜನೂ ಹಾಗೆ ಹಚ್ಚಿದವನೇ. ಚಿಕ್ಕಪ್ಪ ಕೆಲಸಕ್ಕೆ ಸೇರಿದ ವರ್ಷವೇ, ಕಡ್ಡಿ ಗೀರಿದರೆ ಕೇಸು ಎಂಬ ಸರ್ಕಾರದ ಅಪ್ಪಣೆ ಬಂತು. ಆರೇಳು ವರ್ಷ ಹುಲ್ಲಿನ ಮೇಲೆ ಹುಲ್ಲು ಒಣಗಿ ಬಿತ್ತು. ಬೆಂಕಿಯೇ ಇಲ್ಲವೆಂದು ಚಿಕ್ಕಪ್ಪ ಮೀಸೆ ತಿರುವಿದ. ಕೊನೆಗೆ ಒಂದು ಯುಗಾದಿಯ ಬಿಸಿಲಲ್ಲಿ ಹೊತ್ತಿದ ಬೆಂಕಿ ಮರದ ತುದಿಗೇ ಹತ್ತಿತು. ಎರಡು ದಿನ ಉರಿದು ಹಳೆಯ ದಿಂಡಿಗದ ಮರಗಳನ್ನೆಲ್ಲ ತಿಂದಿತು. ಆಮೇಲೆ ವರ್ಷ ಬಿಟ್ಟು ವರ್ಷ ಅದೇ ಕಥೆ. ಯಾರೋ ಬೇಕಂತಲೇ ಹಚ್ಚುತ್ತಿದ್ದಾರೆ ಎಂದು ಚಿಕ್ಕಪ್ಪ ಊರನ್ನೆಲ್ಲ ಜಾಲಾಡಿದ.

೧೯೭೬ರ ಪುಷ್ಯದಲ್ಲಿ ಅವ್ವ ಚಿಕ್ಕಪ್ಪನ ಕೈಗೇ ಸಿಕ್ಕಿಬಿದ್ದಳು. ತಾನು ಕೊಯ್ಯುವ ಕಣಿವೆಯ ಅಂಚಿಗೆ ಹುಲ್ಲಿನ ಒಂದು ಪಟ್ಟಿ ಸುಟ್ಟಿದ್ದಳು.

"ಅತ್ತಿಗಿ, ಇಷ್ಟು ವರ್ಷ ಹಚ್ಚಾಕಿ ನೀನ ಏನು?"

"ಲೇ ಜೋಗಪ್ಪ, ತಂಪಿನ್ಯಾಗ ಇಷ್ಟು ಸುಟ್ರ ಬ್ಯಾಸಿಗಿ ಬೆಂಕಿ ಇಲ್ಲಿಗೆ ಬರಾಂಗಿಲ್ಲ. ನಿಮ್ಮಪ್ಪ ಕಲಿಸಿದ್ದು ಐತಿ ಇದು."

"ಅದನ್ನ ಸಾಹೇಬ್ರ ಮುಂದ ಹೇಳು, ನಡಿ."

ಹೇಳಿದಳು. ಪಾಸು ಹೋಯಿತು. ಅವ್ವ ಸಿರುಗುಪ್ಪದ ಕಡೆ ಭತ್ತದ ಗದ್ದೆಗೆ ಕೂಲಿಗೆ ಹೋದಳು. ಸ್ವಂತ ಅಣ್ಣನ ಹೆಂಡತಿಯನ್ನು ಹಿಡಿದುಕೊಟ್ಟವನ ಮುಖ ನೋಡಲು ನನಗೆ ಅಸಹ್ಯವಾಗುತ್ತಿತ್ತು.

ಯುಗಾದಿಗೆ ಗುಡ್ಡ ಮತ್ತೆ ಹೊತ್ತಿತು. ಅವ್ವ ಆ ದಿನ ಗದ್ದೆಯಲ್ಲೇ ಇದ್ದಳೋ ಇಲ್ಲವೋ ಎಂದು ಚಿಕ್ಕಪ್ಪ ಸಿರುಗುಪ್ಪಕ್ಕೇ ಹೋಗಿ ವಿಚಾರಿಸಿ ಬಂದ, ಪುಣ್ಯಾತ್ಮ! ಇದ್ದಳು. ಬೆಂಕಿ ಗುಡ್ಡವನ್ನೆಲ್ಲ ಸುಟ್ಟು, ಅವ್ವ ಸುಟ್ಟಿದ್ದ ಪಟ್ಟಿಯ ಹತ್ತಿರ ಬಂದು ನಿಂತಿತ್ತು. ಅದರಾಚೆಯ ಕಣಿವೆಯಲ್ಲಿ ಸೀತಾಫಲದ ಗಿಡಗಳು ಹಾಗೇ ಇದ್ದವು.

ಮುಂದಿನ ಪುಷ್ಯಕ್ಕೆ ಚಿಕ್ಕಪ್ಪ ಪಾಸು ಹಿಡಿದು ಮನೆಗೆ ಬಂದ. ಸಾಹೇಬರ ಕಾಲು ಹಿಡಿದು ಬರೆಸಿದ್ದಂತೆ. ಅವ್ವ ಅದನ್ನು ನನ್ನಿಂದ ಎರಡು ಸಲ ಓದಿಸಿದಳು.

"ಅತ್ತಿಗಿ, ಕಣಿವಿ ಅಂಚಿಗೆ ಸುಟ್ಟು ಕೊಡು. ನಾ ಕಂಡಿಲ್ಲ ಅಂತೀನಿ."

"ನಾ ಹಚ್ಚತೀನಿ, ನೀ ಹಿಡಕೊಂಡು ಹೋಗ್ತಿ. ನೀನ ಹಚ್ಚು."

"ಯಾರರ ಕಂಡ್ರ ನನ್ನ ಕೆಲಸ ಹೊಕ್ಕತಿ."

"ನಂದು ಹೋಗಿತ್ತಲ್ಲ."

ಮೂವರೂ ಗುಡ್ಡ ಹತ್ತಿದೆವು. ಚಿಕ್ಕಪ್ಪ ಹಿಂದೆ ಮುಂದೆ ನೋಡಿದ. ಇಬ್ಬನಿಯ ಹುಲ್ಲಿಗೆ ತಾಗಿ ಮೂರು ಕಡ್ಡಿ ಆರಿದವು. ನಾಲ್ಕನೆಯದು ಹತ್ತಿ ಹುಲ್ಲು ಹಿಡಿಯಿತು. ಅವ್ವ ಅಲ್ಲಿಯವರೆಗೂ ಕೈ ಕಟ್ಟಿ ನಿಂತಿದ್ದವಳು, ಆಮೇಲೆಯೇ ಬೆಂಕಿಯ ಅಂಚು ಬಡಿಯಲು ಹಸಿ ಸೊಪ್ಪು ಮುರಿದುಕೊಂಡು ಅವನ ಪಕ್ಕಕ್ಕೆ ಹೋದಳು.