ಬಸ್ಸಿನ ಮುಂದೆ ಉಬ್ಬಿದ ರೊಟ್ಟಿ

2014, ಮಾರ್ಚ್ 6, ಗುರುವಾರ, ಬೆಳಿಗ್ಗೆ 8.10. ದುಬೈಯ ಊದ್ ಮೇಥಾದ ನಮ್ಮ ಶಾಲೆಯಲ್ಲಿ ವಸ್ತುಪ್ರದರ್ಶನ. ಮೂರು ವರ್ಷ ಸೋತಿದ್ದ ನಮ್ಮ ತರಗತಿ, ಪ್ರಾಚೀನ ಈಜಿಪ್ಟಿನವರು ದೇವರ ಮುಂದೆಯೂ ಗೋರಿಯಲ್ಲೂ ಇಡುತ್ತಿದ್ದ ರೊಟ್ಟಿ ಮಾಡಬೇಕಿತ್ತು. ಎಸಿ ಕೋಣೆಯಲ್ಲಿಟ್ಟ ಹಿಟ್ಟು ಉಬ್ಬಲೇ ಇಲ್ಲ.

"ರೊಟ್ಟಿಯಲ್ಲ ಮಾರಾಯ, ಪಿರಮಿಡ್ಡಿನ ಕಲ್ಲು!" ಎಂದು ಪಕ್ಕದ ತರಗತಿಯವರು ನಕ್ಕರು.

ನಮ್ಮ ಬಸ್ ಚಾಲಕರು ಈಜಿಪ್ಟಿನ ಲಕ್ಸರ್ ಕಡೆಯವರು. ದಿನವೂ ಬಾಗಿಲು ತೆರೆದು, ಸೂರ್ಯನತ್ತ ಅಂಗೈ ಎತ್ತಿ, "ಯಲ್ಲಾ, ಶಮ್ಸ್!" ಎನ್ನುತ್ತಿದ್ದರು, ಅರಬ್ಬಿಯಲ್ಲಿ 'ಬಾ, ಸೂರ್ಯ' ಅಂತ. ಅಂದು ನಾವು ಒಯ್ದು ತೋರಿಸಿದ ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು.

"ಎಸಿ ಮಾಫಿ! ಮೇರಾ ಅಮ್ಮಾ ಧೂಪ್ ಮೇ ರಖ್ತಾ. ಯಲ್ಲಾ, ಶಮ್ಸ್!"

ಎಸಿ ಬೇಡ, ಅವರಮ್ಮ ಹಿಟ್ಟನ್ನು ಬಿಸಿಲಿನಲ್ಲೇ ಇಡುತ್ತಿದ್ದರಂತೆ. ತಟ್ಟೆಯನ್ನು ಬಸ್ಸಿನ ಮುಂದೆ ಬಿಸಿಲಿಗಿಟ್ಟರು. ಒಂದು ಗಂಟೆಯಲ್ಲಿ ಹಿಟ್ಟು ಎರಡು ಬೆರಳು ಉಬ್ಬಿತು. ಕ್ಯಾಂಟೀನಿನಲ್ಲಿ ಬೇಯಿಸಿದ ಹನ್ನೆರಡು ರೊಟ್ಟಿಯೂ ಖಾಲಿ. ಮೊದಲ ಬಹುಮಾನ ನಮಗೆ!

ಮನೆಗೆ ಹೋಗುವಾಗ ಅವರು ಹದಿನೇಳು ಸಲ ಹಾರ್ನ್ ಹೊಡೆದರು, ಎಣಿಸಿ ಡೈರಿಯಲ್ಲಿ ಬರೆದಿದ್ದೇನೆ. ಅವರ ಹೆಸರು ಮಾತ್ರ ಬರೆದುಕೊಂಡಿಲ್ಲ. ಬಲ್ಲವರು ದಯವಿಟ್ಟು ನನಗೆ ಬರೆಯಿರಿ.