ಗೇರು ಮರವಿಲ್ಲದ ಗುಡ್ಡೆ

ಕುಂದಾಪುರದ ಜವಳಿ ಅಂಗಡಿಯೊಂದರ ಸೀರೆ ವಿಭಾಗದಲ್ಲಿ ದಿನವಿಡೀ ನಿಂತೇ ಇರುವ ಧನ್ಯಶ್ರೀ ಕಾದಂಬರಿ ಬರೆಯುತ್ತಾಳೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮದುವೆ ಜವಳಿಗೆ ಬಂದವರೆದುರು ಸೀರೆ ಬಿಡಿಸುವುದು, ಅವರು ಮುಂದಿನ ಅಂಗಡಿ ನೋಡಿ ಬರುತ್ತೇವೆಂದು ಎದ್ದುಹೋದ ಮೇಲೆ ಮತ್ತೆ ಮಡಚಿಡುವುದು. ಸಂಜೆ ಮನೆಗೆ ಮರಳುವ ಕೋಡಿಯ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಅವಳು ಕಣ್ಣು ಮುಚ್ಚುತ್ತಿದ್ದಳು. ಪಕ್ಕದವರು ನಿದ್ದೆ ಅಂದುಕೊಳ್ಳುತ್ತಿದ್ದರು. ಆದರೆ ಅವಳ ಮನಸ್ಸು ಹಳೇ ಬಸರೂರಿನಲ್ಲಿರುತ್ತಿತ್ತು. ವಾರಾಹಿ ಹೊಳೆಯಲ್ಲಿ ಅಕ್ಕಿ ತುಂಬಿದ ದೋಣಿಗಳು ಇಳಿಯುತ್ತಿದ್ದ, ಪೋರ್ಚುಗೀಸರು ಆಗಷ್ಟೇ ಈ ಕರಾವಳಿಗೆ ಬಂದಿದ್ದ ಕಾಲದಲ್ಲಿ.

ಬಸರೂರಿಗೆ ಅವಳು ಮೊದಲು ಹೋದದ್ದು ಯಾರದೋ ಮದುವೆಗೆ. ಊಟದ ಪಂಕ್ತಿಗೆ ಇನ್ನೂ ಹೊತ್ತಿತ್ತು. ದೇವಸ್ಥಾನದ ಬದಿಯಲ್ಲಿ ನಿಲ್ಲಿಸಿದ್ದ ಶಾಸನದ ಕಲ್ಲುಗಳನ್ನು ನೋಡುತ್ತ ನಿಂತಳು. ರಾಜರ ಹೆಸರು, ಸೆಟ್ಟರ ಹೆಸರು, ಕೊಟ್ಟ ದಾನ ಎಲ್ಲ ಅದರಲ್ಲಿದೆ ಎಂದು ಯಾರೋ ಹೇಳಿದರು. ಅಷ್ಟೊಂದು ಅಕ್ಕಿ ಕುಟ್ಟಿದ ಹೆಂಗಸರ ಹೆಸರು ಇರಲಾರದು ಅಂತ ಅವಳಿಗೆ ಅನಿಸಿತು. ಆ ಮಳೆಗಾಲದಲ್ಲಿ ಅವಳ ಕಾದಂಬರಿಯ ದುಗ್ಗಿ ಹುಟ್ಟಿದಳು: ಬಂದರಿನಲ್ಲಿ ಅಕ್ಕಿ ಕುಟ್ಟುವ ಹುಡುಗಿ. ಅವಳನ್ನು ಮೆಚ್ಚಿದವನು ದೋಣಿ ಕಟ್ಟುವ ಮಂಜ. ಇಬ್ಬರೂ ಗುಡ್ಡೆಯ ಮೇಲಿನ ಗೇರು ಮರದಡಿ ಕದ್ದು ಭೇಟಿಯಾಗುತ್ತಿದ್ದರು.

ಬರೆದದ್ದನ್ನು ತೋರಿಸಲು ಅವಳಿಗೆ ಸಿಕ್ಕವರು ಬ್ರಹ್ಮಾವರದ ರವಿಚಂದ್ರ ಮಾಷ್ಟ್ರು. ಇತಿಹಾಸ ಕಲಿಸಿ ನಿವೃತ್ತರಾದವರು. ಓದುತ್ತ ಓದುತ್ತ ಅವರು ಕನ್ನಡಕ ತೆಗೆದರು.

"ಈ ಗೇರು ಮರ ಎಲ್ಲಿಂದ ಬಂತ್?"

"ಗುಡ್ಡಿ ಮೇಲೆ ಎಲ್ಲಾ ಕಡೆ ಇತ್ತಲ್ದಾ ಸರ್?"

"ಈಗ ಇತ್ತ್. ಆಗ ಇರ್ಲಿಲ್ಲೆ. ಅದನ್ನ ತಂದದ್ದೇ ಆ ಪೋರ್ಚುಗೀಸ್ ಹಡಗಿನವ್ರ್. ಒಣಮೆಣಸೂ ಹಾಂಗೇ. ನಿನ್ನ ದುಗ್ಗಿ ಕೆಂಪ್ ಸಾರ್ ಮಾಡುಕಾತ್ತಿಲ್ಲೆ."

ಧನ್ಯಶ್ರೀಗೆ ನಗುವೂ ಬಂತು, ಅಳುವೂ ಬಂತು. ಮನೆಗೆ ಬಂದು ಗೇರು ಮರ ಕಿತ್ತು ಹೊನ್ನೆ ಮರ ನೆಟ್ಟಳು. ಪ್ರತಿ ಅಧ್ಯಾಯದ ಸಾರಿನಿಂದಲೂ ಒಣಮೆಣಸು ತೆಗೆದಳು. ಆ ರುಚಿ ಹೇಗಿದ್ದೀತೆಂದು ಒಂದು ಭಾನುವಾರ ಬಂಗುಡೆಗೆ ಬರೀ ಕಾಳುಮೆಣಸು ಅರೆದು ಹಾಕಿದಳು. ಮೀನಿನ ಬೋಟಿನಿಂದ ಬಂದಿದ್ದ ಗಂಡ ಜಿತೇಂದ್ರ ಒಂದು ತುತ್ತು ಉಂಡು ತಲೆಯೆತ್ತಿದ.

"ಇದೆಂತ, ಕಷಾಯಕ್ಕೆ ಮೀನ್ ಹಾಕಿದ್ಯಾ?"

ಅತ್ತೆ ಪದ್ದು ಉಪ್ಪಿನಕಾಯಿ ಬಡಿಸಿಕೊಂಡರು.

ತಿದ್ದಿ ಮುಗಿಸುವಷ್ಟರಲ್ಲಿ ಎರಡು ಮದುವೆ ಸೀಸನ್ ಕಳೆದಿತ್ತು. ಬರೆಯುವುದಕ್ಕಿಂತ ಅದನ್ನು ಒಬ್ಬರ ಕೈಗೆ ದಾಟಿಸುವುದು ಕಷ್ಟ ಎಂದು ಆಮೇಲೆ ತಿಳಿಯಿತು. ಬ್ರಹ್ಮಾವರದ ಪುಸ್ತಕ ಮೇಳದಲ್ಲಿ ಪ್ರಕಾಶಕರೊಬ್ಬರ ಮಳಿಗೆಯೆದುರು ಕಾದು ನಿಂತು, ಒಂದೇ ಪುಟದ ಕಥಾಸಾರ ಕೊಟ್ಟಳು. ಅವರು ಗಿರಾಕಿಗೆ ಚಿಲ್ಲರೆ ಹುಡುಕುತ್ತಲೇ ಕಣ್ಣಾಡಿಸಿದರು.

"ಐತಿಹಾಸಿಕ ಅಂದ ಮೇಲೆ ರಾಣಿ ಇರಬೇಕಮ್ಮ. ಅಕ್ಕಿ ಕುಟ್ಟುವವಳ ಪ್ರೇಮ ಯಾರು ಓದ್ತಾರೆ?"

ಇನ್ನಿಬ್ಬರಿಗೆ ಮಿಂಚಂಚೆ ಕಳಿಸಿದಳು. ಉತ್ತರವೇ ಇಲ್ಲ. ಕೊನೆಗೆ ಮೊಬೈಲಿನಲ್ಲಿ ಕತೆ ಕೇಳಿಸುವ ಕಂಪನಿಯೊಂದಕ್ಕೆ ಕಳಿಸಿದಾಗ ಉತ್ತರ ಬಂತು. ಕೀರ್ತನ್ ಎಂಬ ಅಲ್ಲಿನ ಸಂಪಾದಕ ಅವಳ ಊಟದ ಹೊತ್ತಿಗೇ ಫೋನ್ ಮಾಡಿದ. ಮಾತು ಬಲು ನಯ. "ಮೇಡಂ, ಕತೆ ಚೆನ್ನಾಗಿದೆ. ದುಗ್ಗಿಯನ್ನ ರಾಜಕುಮಾರಿ ಮಾಡೋಣ. ಮಂಜನ ಬದಲು ಒಬ್ಬ ಪೋರ್ಚುಗೀಸ್ ಕಪ್ತಾನ. ಪ್ರತಿ ಕಂತಿನ ಕೊನೆಗೆ ಕೇಳುಗರ ಉಸಿರು ನಿಲ್ಲಬೇಕು, ಅಷ್ಟೇ."

ಅವಳು ಹೂಂ ಎಂದಳು. ಯಾರೋ ಒಬ್ಬರು ಬೇಕು ಅಂದಿದ್ದೇ ಅವಳಿಗೆ ದೊಡ್ಡದಾಗಿತ್ತು. ದುಗ್ಗಿಯ ಕೈಯ ಒನಕೆ ಬಿಡಿಸಿ ವೀಣೆ ಕೊಟ್ಟಳು, ಅವಳಿಗೊಂದು ಅರಮನೆ ಕಟ್ಟಿದಳು. ಅರಮನೆಯಲ್ಲಿ ಬೆಳಿಗ್ಗೆ ಎದ್ದವಳು ಏನು ಮಾಡುತ್ತಾಳೆಂದೇ ಧನ್ಯಶ್ರೀಗೆ ತಿಳಿಯುತ್ತಿರಲಿಲ್ಲ. ಅಂಗಡಿಯಿಂದ ಬಂದು, ಬಾತುಕೊಂಡ ಕಾಲನ್ನು ಗೋಡೆಗೆ ಆನಿಸಿ ಮಲಗಿ, ಮೊಬೈಲಿನಲ್ಲೇ ಕಂತುಗಳನ್ನು ಕುಟ್ಟಿದಳು. ಕಪ್ತಾನ ಮಾತಾಡಿದಲ್ಲೆಲ್ಲ ಅವಳಿಗೆ ಸೀರೆಯ ಬೆಲೆ ಇಳಿಸಲು ಬರುವ ಗಿರಾಕಿಯ ದನಿ ಕೇಳುತ್ತಿತ್ತು.

ಕಂತುಗಳನ್ನು ಓದಿದ ಕೀರ್ತನ್ ಮತ್ತೆ ಫೋನ್ ಮಾಡಿದ. "ಇನ್ನೊಂದೇ ಸಣ್ಣ ಬದಲಾವಣೆ ಮೇಡಂ. ನಾಯಕ ಈ ಕಾಲದವನು, ಹೇಗೋ ಆ ಕಾಲಕ್ಕೆ ಹೋಗಿಬಿಡ್ತಾನೆ ಅಂತ ಮಾಡಿದರೆ?"

ಧನ್ಯಶ್ರೀ ಊಟದ ಡಬ್ಬಿಯ ಮುಚ್ಚಳ ಹಾಕಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ದುಗ್ಗಿಯ ಮಾನ ಕಾಪಾಡಬೇಕೆಂಬ ಧೈರ್ಯವೂ ಬರಲಿಲ್ಲ. ಅವಳಿಗೆ ಸಾಕಾಗಿತ್ತು.

"ಇಲ್ಲ ಸರ್. ಇನ್ನು ನನ್ ಹತ್ರ ಆಗುದಿಲ್ಲ."

"ಯೋಚನೆ ಮಾಡಿ ಹೇಳಿ ಮೇಡಂ."

"ಯೋಚನೆ ಮಾಡೂಕೂ ಆಗುದಿಲ್ಲ ಸರ್," ಎಂದು ಫೋನಿಟ್ಟು ಸೀರೆ ಕೌಂಟರಿಗೆ ನಡೆದಳು.

ಆಮೇಲೆ ಸುಮಾರು ದಿನ ಅವಳು ಏನೂ ಬರೆಯಲಿಲ್ಲ. ಬಸ್ಸಿನಲ್ಲಿ ಈಗ ನಿಜವಾಗಿಯೇ ನಿದ್ದೆ ಬರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅತ್ತೆ-ಸೊಸೆ ಹಿಂಬಾಗಿಲಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದಾಗ ಪದ್ದು ಇದ್ದಕ್ಕಿದ್ದಂತೆ ಕೇಳಿದರು.

"ಆ ಹೆಣ್ಣ್ ಕಡಿಗೆ ಎಂತ ಆಯ್ತ್?"

"ಯಾವ ಹೆಣ್ಣ್ ಅತ್ತೆ?"

"ನಿನ್ನ ದುಗ್ಗಿ. ಜಿತು ಹೇಳಿದ್ದ. ಅವ್ಳಿಗೆ ಮದಿ ಆಯ್ತಾ?"

ಧನ್ಯಶ್ರೀ ಮೊದಲು ಬರೆದಿದ್ದ ಕತೆಯನ್ನೇ ಹೇಳಿದಳು. ಹೇಳುತ್ತ ಕೈ ನಿಂತಿತು. ಕೊನೆಗೆ ದುಗ್ಗಿ ಮತ್ತು ಮಂಜ ಅಕ್ಕಿಯ ಹಡಗು ಹತ್ತಿ, ಯಾರಿಗೂ ಕಾಣದಂತೆ ಊರು ಬಿಡುತ್ತಾರೆ. ಪದ್ದು ಸಿಗಡಿ ಸುಲಿಯುತ್ತಲೇ ಕೇಳಿದರು.

"ಅವ್ಳ್ ಹಡಗ್ ಹತ್ರೆ, ಅಬ್ಬಿಗೆ ಯಾರ್?"

ದುಗ್ಗಿಯ ತಾಯಿ ಮೊದಲ ಅಧ್ಯಾಯದಲ್ಲಿ ಜ್ವರದಿಂದ ಮಲಗಿದ್ದಳು. ಆಮೇಲೆ ಅವಳನ್ನು ಏಳಿಸುವುದೇ ಮರೆತುಹೋಗಿತ್ತು. ಮಾಷ್ಟ್ರೂ ಕೇಳಿರಲಿಲ್ಲ, ಕೀರ್ತನ್ ಕೂಡ ಕೇಳಿರಲಿಲ್ಲ. ಮತ್ತೆ ತಿದ್ದಬೇಕಲ್ಲ ಎಂದು ಧನ್ಯಶ್ರೀಗೆ ಬೇಸರವಾಯಿತು.

"ಕಾಣ್ತೆ ಅತ್ತೆ, ಎಂತ ಮಾಡುದಂತ," ಎಂದಳು.

ಕೈ ತೊಳೆದು ಒಳಗೆ ಹೋಗಿ ಚಾಪೆ ಹಾಸಿ ಮಲಗಿದಳು. ನಿದ್ದೆ ಬರಲಿಲ್ಲ. ಆ ತಾಯಿ ಸುಮ್ಮನೆ ಮಲಗುವವಳಾಗಿ ಕಾಣಲಿಲ್ಲ. ಮಗಳು ಮನೆಯಲ್ಲಿಲ್ಲವೆಂದು ಗೊತ್ತಾದ ಕೂಡಲೇ ಎದ್ದು, ಗೋಡೆ ಹಿಡಿದುಕೊಂಡು ಹೊಳೆಯ ಕಡೆ ಹೊರಡುವವಳು ಅವಳು. ಕೊನೆಯ ಮೂರು ಅಧ್ಯಾಯ ಬೇರೆಯೇ ಬರೆಯಬೇಕಾಗುತ್ತದೆ. ಧನ್ಯಶ್ರೀ ಒಂದಷ್ಟು ಹೊತ್ತು ಮಾಡಿನ ಹಂಚು ನೋಡುತ್ತ ಮಲಗಿದ್ದಳು, ಆಮೇಲೆ ಎದ್ದು ಕೂತಳು.

ಹೊಸ ಕೊನೆಯಲ್ಲಿ ದುಗ್ಗಿ ಹಡಗು ಹತ್ತುವುದಿಲ್ಲ. ಮಂಜನೂ ಅವಳಿಗಾಗಿ ಊರಲ್ಲೇ ಉಳಿಯುತ್ತಾನೆ, ಅದಕ್ಕಾಗಿ ಇಬ್ಬರೂ ಬಹಳ ಕಷ್ಟಪಡುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಾದಂಬರಿ ಮತ್ತೆ ಮೂವರು ಪ್ರಕಾಶಕರಿಗೆ ಹೋಯಿತು. ಒಬ್ಬರು ಬೇಡವೆಂದರು. ಒಬ್ಬರ ಸುದ್ದಿಯಿಲ್ಲ. ಇನ್ನೊಬ್ಬರು ಓದುತ್ತಿದ್ದಾರಂತೆ, ಕೇಳಿದಾಗಲೆಲ್ಲ ಅದನ್ನೇ ಹೇಳುತ್ತಾರೆ.

ಅಂಗಡಿಯಲ್ಲಿ ಮತ್ತೆ ಮದುವೆ ಜವಳಿ ಶುರುವಾಗಿದೆ. ಕಾಲು ನೋವು ಹೆಚ್ಚಾಗಿದೆ. ಬೈಂದೂರಿನ ಕಡೆ ಹಿಂದೆ ಉಪ್ಪಿನ ವ್ಯಾಪಾರ ಹೇಗಿತ್ತೆಂದು ತಿಳಿದವರು ಒಬ್ಬರಿದ್ದಾರೆಂದು ಮಾಷ್ಟ್ರು ಹೇಳಿದ್ದಾರೆ. ರಜೆ ಸಿಕ್ಕಿದ ದಿನ ಧನ್ಯಶ್ರೀ ಅಲ್ಲಿಗೊಮ್ಮೆ ಹೋಗಿ ಬರಬೇಕೆಂದಿದ್ದಾಳೆ. ಎಂತಕ್ಕೆ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.